ಕೆರೆನಾಡಿನ ಬೀಸುಬಲೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಕಡಲಿಲ್ಲ. ಆದರೂ ಮದಗದ ಕೆರೆ, ಶಕುನಗಿರಿ ತಪ್ಪಲಿನ ಅಯ್ಯನಕೆರೆ ಮತ್ತು ಲಕ್ಕವಳ್ಳಿಯ ಭದ್ರಾ ಜಲಾಶಯಗಳ ಆಸರೆಯಲ್ಲಿ ಮೀನು ಹಿಡಿಯುವ ಕಸುಬು ಇಲ್ಲಿಯೂ ಬಾಳಿದೆ. ಅದರ ಸಾಧನಗಳಲ್ಲಿ ಅತಿ ಚೆಲುವಾದುದು ಬೀಸುಬಲೆ, ಎಂದರೆ ಒಬ್ಬನೇ ಬೀಸಿ ನೀರಿನ ಮೇಲೆ ವೃತ್ತಾಕಾರವಾಗಿ ಹರಡುವ, ಅಂಚಿಗೆ ಸೀಸದ ಗುಂಡು ಪೋಣಿಸಿದ ಬಲೆ.

ನಡುವಿನಿಂದ ಹೆಣಿಗೆ ಆರಂಭಿಸಿ, ‘ಕಣ್ಣು’ ಎನಿಸುವ ರಂಧ್ರಗಳ ಅಳತೆ ತಪ್ಪದಂತೆ ಬಿದಿರಿನ ಪಟ್ಟಿಗೆ ನೂಲು ಸುತ್ತಿ ಗಂಟಿಕ್ಕುತ್ತ, ಸುತ್ತು ಹಿಗ್ಗಿದಂತೆ ಕಣ್ಣುಗಳ ಸಂಖ್ಯೆಯನ್ನೂ ಹೆಚ್ಚಿಸುತ್ತ ಹೋದಾಗ ಮಾತ್ರ ಬಲೆ ಸುಕ್ಕಿಲ್ಲದೆ ಅರಳುತ್ತದೆ. ಹಗ್ಗ ಎಳೆದೊಡನೆ ಗುಂಡುಗಳು ತಳದಲ್ಲಿ ಒಂದುಗೂಡಿ ಮೀನನ್ನು ಒಳಗೇ ಹಿಡಿದಿಡುತ್ತವೆ. ಮರಿಗಳು ನುಸುಳಿ ಹೋಗುವಷ್ಟು ಅಗಲದ ಕಣ್ಣು ಬಿಡುವುದು ಕೆರೆಯ ನಾಳೆಯನ್ನು ಕಾಯುವ ವಿವೇಕವೇ ಸರಿ.

ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನನ್ನು ತಮ್ಮವನೆಂದು ಗೌರವಿಸುವ, ಮೀನು ಹಿಡಿಯುವ ಕಸುಬಿನ ಗಂಗಾಮತಸ್ಥರಿಗೆ ನೀರು ದುಡಿಮೆಯ ನೆಲೆಯಷ್ಟೇ ಅಲ್ಲ, ಪೂಜೆಗೊಳ್ಳುವ ಗಂಗೆಯೂ ಹೌದು. ಕೊಳೆಯದ ನೈಲಾನ್ ನೂಲು ಹತ್ತಿ, ಸೆಣಬುಗಳ ಜಾಗವನ್ನು ಹಿಡಿದಿದ್ದರೂ ಹರಿದ ಕಣ್ಣನ್ನು ಕೂಡಿಸುವ ಕೆಲಸ ಇಂದಿಗೂ ಕೈಯದೇ. ಹಿರಿಯರು ಹಾಕಿದ ಗಂಟಿನ ಪಕ್ಕದಲ್ಲೇ ಕಿರಿಯರ ಗಂಟು ಬೀಳುತ್ತದೆ.