ಗರ್ಜನೆಯ ರಕ್ಷಾಕವಚ

ಅಮೆರಿಕದ ಮೋಟಾರ್‌ಸೈಕಲ್ ಸವಾರರ ಚರ್ಮದ ಜಾಕೆಟ್ಟುಗಳ ಮೇಲೆ ಬಹುಕಾಲದಿಂದ ಕಾಣಬರುತ್ತಿರುವ ಘೋಷವಾಕ್ಯವೊಂದುಂಟು. 'ಲೌಡ್ ಪೈಪ್ಸ್ ಸೇವ್ ಲೈವ್ಸ್' ಎಂಬ ಈ ನಾಲ್ಕು ಮಾತುಗಳ ತಾತ್ಪರ್ಯವಿಷ್ಟೆ: ಸೈಲೆನ್ಸರಿನ ಸದ್ದು ಹೆಚ್ಚಿದಷ್ಟೂ ಸವಾರನ ಪ್ರಾಣ ಸುರಕ್ಷಿತ, ಕಣ್ಣಿಗೆ ಬೀಳದ ಸಣ್ಣ ವಾಹನವು ಕಿವಿಗಾದರೂ ಬಿದ್ದರೆ ಕಾರಿನವನು ಎಚ್ಚೆತ್ತು ದಾರಿ ಬಿಡುತ್ತಾನೆ. ಇಂದು ಬೆಂಗಳೂರಿನಲ್ಲಿಯೂ ಮಣಿಪಾಲದಲ್ಲಿಯೂ ಕಂಪನಿಯ ಸೈಲೆನ್ಸರನ್ನು ಕಳಚಿಸಿ 'ಪಂಜಾಬ್', 'ಇಂದೋರಿ' ಎಂಬ ಹೆಸರಿನವುಗಳನ್ನು ಹಾಕಿಸಿಕೊಳ್ಳುವ, ಇಲ್ಲವೆ ಕೊಳವೆಯೊಳಗೆ ಸದ್ದಡಗಿಸುವ ಡಿಬಿ ಕಿಲ್ಲರನ್ನು ಕಿತ್ತುಹಾಕುವ ತರುಣರನ್ನು ಕಾರಣವೇನೆಂದು ಕೇಳಿದರೆ, ಇದೇ ವಾದವು ಕನ್ನಡದ ಉಡುಪು ತೊಟ್ಟು ಎದುರು ಬರುತ್ತದೆ. ಸೊಗಸಿಗಾಗಿ ಹಾಕಿಸಿದೆವೆಂದು ಅವರು ಹೇಳಿದ್ದರೆ ಅದು ಅಭಿರುಚಿಯ ವಿಷಯವಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಪ್ರಾಣರಕ್ಷಣೆಗಾಗಿ ಎಂದು ಹೇಳಿದ ಮೇಲೆ ಅದನ್ನು ಪರೀಕ್ಷಿಸದೆ ಬಿಡುವುದು, ಆ ಮಾತನ್ನು ನಂಬಿ ರಸ್ತೆಗಿಳಿಯುವ ಎಳೆಯ ಜೀವಗಳಿಗೆ ನಾವು ಮಾಡುವ ಅನ್ಯಾಯವಾಗುತ್ತದೆ.

ವಾದದ ಬುಡದಲ್ಲಿರುವ ಭಯವು ನಿಜವಾದದ್ದೆಂಬುದನ್ನು ಮೊದಲು ಒಪ್ಪಿಕೊಳ್ಳತಕ್ಕದ್ದು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬ ವಿದ್ವಾಂಸನು ತನ್ನ ಸಂಗಡಿಗರೊಡನೆ ಲಾಸ್ ಏಂಜಲಿಸ್ ಪ್ರಾಂತದ 900ಕ್ಕೂ ಹೆಚ್ಚು ಮೋಟಾರ್‌ಸೈಕಲ್ ಅಪಘಾತಗಳ ಸ್ಥಳಗಳನ್ನು ಸ್ವತಃ ಪರಿಶೀಲಿಸಿ, 3,600 ಪೊಲೀಸ್ ವರದಿಗಳನ್ನು ಓದಿ, 1981ರಲ್ಲಿ ಪ್ರಕಟಿಸಿದ ವರದಿಯು ಈ ವಿಷಯದಲ್ಲಿ ಇಂದಿಗೂ ಮೊದಲು ತೆರೆಯಬೇಕಾದ ಗ್ರಂಥ. ಆ ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೇರೊಂದು ವಾಹನದೊಡನೆ ಸಂಭವಿಸಿದ ಡಿಕ್ಕಿಗಳು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಮುಂದೆ ಸಾಗುವ ಹಕ್ಕು ಸವಾರನದಾಗಿದ್ದಾಗ ಇತರ ವಾಹನದವನು ಅಡ್ಡ ಬಂದುದರಿಂದ ಆದವು. ಬೈಕು ತನಗೆ ಕಾಣಲೇ ಇಲ್ಲವೆಂದು ಕಾರಿನವನು ಹೇಳುವುದು ಬಹುಮಟ್ಟಿಗೆ ಸತ್ಯವೇ ಆಗಿತ್ತು. ತಾನು ಯಾರ ಕಣ್ಣಿಗೂ ಬೀಳದವನೆಂಬ ಸವಾರನ ಆತಂಕಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಆದರೆ ಅದೇ ವರದಿಯನ್ನು ಇನ್ನೂ ಕೆಲವು ಪುಟ ಓದಿದವನಿಗೆ ಘೋಷವಾಕ್ಯವು ಉಳಿಯುವುದು ಕಷ್ಟ. ಸವಾರನ ಪಾಲಿಗೆ ಅಪಾಯವಾಗಿ ಪರಿಣಮಿಸಿದ ವಸ್ತುವು ಮುಕ್ಕಾಲಿಗೂ ಮಿಕ್ಕ ಪ್ರಸಂಗಗಳಲ್ಲಿ ಅವನ ನೇರ ಮುಂದಿನಿಂದ ಎಡಬಲಗಳಿಗೆ 45 ಡಿಗ್ರಿಯೊಳಗೇ ಇತ್ತು. ಹಿಂದಿನಿಂದ ಬಂದು ಬಡಿದ ವಾಹನಗಳ ಪಾಲು ತೀರ ಅಲ್ಪ. ಹೊಗೆಕೊಳವೆಯ ಬಾಯಿಯಾದರೋ ಹಿಂದಕ್ಕೆ ತೆರೆದಿರುತ್ತದೆ. ಚೌಕದಲ್ಲಿ ಎದುರಿನಿಂದ ಬಂದು ತಿರುಗುವ ಕಾರಿನವನಿಗೆ ಕೇಳಬೇಕಾದ ಧ್ವನಿಯನ್ನು, ಆಗಲೇ ಹಿಂದೆ ಉಳಿದು ನಿರಪಾಯಕಾರಿಯಾದವನ ಕಿವಿಗೆ ಮೊದಲು ತಲಪಿಸುವ ಈ ವ್ಯವಸ್ಥೆಯು ರಕ್ಷಣೆಯ ಉಪಾಯವಾಗಿ ಹೇಗೆ ಸಲ್ಲುತ್ತದೆ?

ದಿಕ್ಕಿನ ಮಾತನ್ನು ಬಿಟ್ಟು ದೂರದ ಲೆಕ್ಕವನ್ನೇ ಹಿಡಿದು ನೋಡೋಣ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಶಬ್ದದ ಮಟ್ಟವು 6 ಡೆಸಿಬೆಲ್ ಇಳಿಯುತ್ತದೆಂಬುದು ಭೌತಶಾಸ್ತ್ರದ ಸರಳ ನಿಯಮ. ಕೊಳವೆಯಿಂದ ಅರ್ಧ ಮೀಟರಿನಲ್ಲಿ 100 ಡೆಸಿಬೆಲ್ ಅಬ್ಬರಿಸುವ ಬೈಕೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆಯೆನ್ನೋಣ. ಎರಡು ಸೆಕೆಂಡಿನಲ್ಲಿ ಅದು ಕ್ರಮಿಸುವ ದೂರ ಸುಮಾರು 33 ಮೀಟರು. ಕಾರಿನವನು ಕೇಳಿ, ತಿಳಿದು, ಕಾಲನ್ನು ಬ್ರೇಕಿನ ಮೇಲಿಡಲು ಇದಕ್ಕಿಂತ ಕಡಮೆ ಅವಕಾಶವು ಸಾಲದು. ಅರ್ಧ ಮೀಟರಿನಿಂದ 32 ಮೀಟರಿಗೆ ಬರುವಷ್ಟರಲ್ಲಿ ದೂರವು ಆರು ಸಲ ಇಮ್ಮಡಿಸಿ, 100 ಎಂಬುದು 64ಕ್ಕೆ ಇಳಿದಿರುತ್ತದೆ. ಏರಿಸಿದ ಗಾಜು, ರಬ್ಬರಿನ ಅಂಚುಕಟ್ಟು, ಬಾಗಿಲೊಳಗಿನ ಮೆತ್ತೆ ಇವೆಲ್ಲ ಅದರಲ್ಲಿ ಇನ್ನೂ ದೊಡ್ಡ ಭಾಗವನ್ನು ತಡೆದ ಮೇಲೆ ಒಳಗೆ ಉಳಿದದ್ದು, ಚಕ್ರದ ಸದ್ದು, ಎ.ಸಿ.ಯ ಗಾಳಿ, ಹಾಡು ಇವುಗಳಡಿಯಲ್ಲಿ ಹೂತುಹೋಗುತ್ತದೆ. ಮಂದ್ರದ ಗುಡುಗು ಗಾಜನ್ನು ದಾಟಿ ಬರುವುದುಂಟು, ನಿಜ. ಆದರೆ ಮುಚ್ಚಿದ ಕಾರಿನೊಳಗೆ ಅದು ನಾಲ್ಕು ಕಡೆಯಿಂದಲೂ ಪ್ರತಿಫಲಿಸುವುದರಿಂದ, ಬೈಕು ಎಲ್ಲಿಯೋ ಇದೆಯೆಂದು ತಿಳಿಯುವುದೇ ಹೊರತು ಎಲ್ಲಿದೆಯೆಂದು ತಿಳಿಯದು. ಎಡಕ್ಕೆ ಸರಿಯಬೇಕೋ ಬಲಕ್ಕೋ ಎಂಬುದನ್ನು ಹೇಳದ ಎಚ್ಚರಿಕೆಯು ಚಾಲಕನನ್ನು ಗಾಬರಿಗೊಳಿಸಬಲ್ಲುದು. ಅವನಿಗೆ ದಾರಿ ತೋರಲಾರದು.

ಇದಕ್ಕಿಂತಲೂ ಗಂಭೀರವೆಂದು ನನಗೆ ತೋರುವ ದೋಷವೊಂದು ಬೇರೆಯಿದೆ. ಹೊಗೆಕೊಳವೆಯು ಗರ್ಜಿಸುವುದು ಆಕ್ಸಿಲರೇಟರನ್ನು ತಿರುವಿದಾಗ. ವಿವೇಕಿಯಾದ ಸವಾರನು ಚೌಕವನ್ನು ಸಮೀಪಿಸುವಾಗ ಅದನ್ನು ಬಿಡುತ್ತಾನೆ, ಹಾಗೆ ಬಿಟ್ಟೊಡನೆ ಕೊಳವೆಯ ಸದ್ದೂ ಇಳಿಯುತ್ತದೆ. ಆದಕಾರಣ, ಅಪಾಯವು ಅತ್ಯಧಿಕವಾಗಿರುವ ಕ್ಷಣದಲ್ಲಿಯೇ ಈ ಕವಚವು ಅತ್ಯಂತ ತೆಳುವಾಗುತ್ತದೆ. ಆಗಲೂ ಸದ್ದು ಮಾಡಲೇಬೇಕೆಂದು ಹಟಹಿಡಿದವನು ಬಲಗೈಯಿಂದ ಆಕ್ಸಿಲರೇಟರನ್ನು ಹಿಂಡಬೇಕು. ಆದರೆ ಮುಂದಿನ ಚಕ್ರದ ಬ್ರೇಕು ಇರುವುದೂ ಅದೇ ಬಲಗೈಯ ಬೆರಳುಗಳಲ್ಲಿ, ಮತ್ತು ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಅಡಗಿರುವುದು ಆ ಬ್ರೇಕಿನಲ್ಲಿ. ಅಪಾಯವು ಗೋಚರವಾದ ಮೇಲೆ ಅದನ್ನು ತಪ್ಪಿಸಲು ಸವಾರನಿಗೆ ದೊರೆತ ಅವಧಿಯು ಎರಡು ಸೆಕೆಂಡಿಗೂ ಕಡಮೆಯೆಂದು ಹರ್ಟ್‌ನ ವರದಿಯೇ ಹೇಳುತ್ತದೆ. ಆ ಅವಧಿಯನ್ನು ಗರ್ಜನೆಗೆ ವ್ಯಯಮಾಡಿದವನು ಬ್ರೇಕಿನಿಂದ ಅಷ್ಟನ್ನೂ ಕಳೆದಂತಾಯಿತು.

ಪ್ರತಿಪಕ್ಷದ ಅತ್ಯಂತ ಸಮರ್ಥವಾದ ಸಾಕ್ಷ್ಯವನ್ನು ಎದುರಿಸದೆ ತೀರ್ಪು ಕೊಡುವುದು ಧರ್ಮವಲ್ಲ. ವಿದ್ಯುತ್ ಕಾರುಗಳು ಬಂದ ಮೇಲೆ, ಅವುಗಳ ನಿಶ್ಶಬ್ದತೆಯಿಂದ ಪಾದಚಾರಿಗಳಿಗೂ ದೃಷ್ಟಿಹೀನರಿಗೂ ಕೇಡಾಗಬಹುದೆಂದು ಮನಗಂಡು, ಅಂಥ ಕಾರುಗಳು ಕೃತಕವಾಗಿ ಸದ್ದು ಹೊರಡಿಸಬೇಕೆಂದು ವಿಶ್ವಸಂಸ್ಥೆಯ 138ನೆಯ ವಾಹನ ನಿಯಮವು 2016ರಲ್ಲಿ ವಿಧಿಸಿತು. ಹಾಗಾದರೆ ಸದ್ದು ಪ್ರಾಣ ಉಳಿಸುವುದೆಂದು ನಿಯಮವೇ ಒಪ್ಪಿತಲ್ಲವೆ ಎಂದು ಕೇಳಬಹುದು. ಒಪ್ಪಿತು, ಆದರೆ ಯಾವ ಸದ್ದನ್ನು, ಎಷ್ಟನ್ನು, ಯಾರಿಗಾಗಿ ಎಂಬುದನ್ನೂ ಅದು ಹೇಳಿದೆ. ಗಂಟೆಗೆ 20 ಕಿಲೋಮೀಟರಿನವರೆಗಿನ ನಿಧಾನಗತಿಯಲ್ಲಿ ಮಾತ್ರ ಆ ಸದ್ದು ಕಡ್ಡಾಯ. 75 ಡೆಸಿಬೆಲ್ಲನ್ನು ಅದು ಮೀರಕೂಡದು. ಅದು ಉದ್ದೇಶಿತವಾದದ್ದು ಗಾಜಿನ ಮರೆಯಿಲ್ಲದೆ ನಡೆಯುವವನಿಗೆ. ಈ ಮಿತಿಯೊಳಗೆ ನಮ್ಮ ತರುಣರ ವಾದಕ್ಕೂ ಒಂದಿಷ್ಟು ಸ್ಥಳವಿದೆ. ಕಿಕ್ಕಿರಿದ ಬೀದಿಯಲ್ಲಿ ಗಾಜಿಳಿಸಿ ತೆವಳುತ್ತಿರುವ ಲಾರಿಯ ಮಗ್ಗುಲಿಗೆ ಸರಿದ ಬೈಕಿನ ಸದ್ದು ಚಾಲಕನಿಗೆ ಕೇಳಿ, ಅವನು ಸ್ಟಿಯರಿಂಗನ್ನು ತಿರುವದೆ ಉಳಿದದ್ದು ನಡೆದೇ ಇರಬಹುದು. ನಡೆಯದೆ ಹೋದ ಅಪಘಾತವು ಯಾವ ವರದಿಗೂ ಸೇರುವುದಿಲ್ಲವಾದ್ದರಿಂದ ಅಂಥ ಅನುಭವವನ್ನು ಅಲ್ಲಗಳೆಯಲು ನಾನು ಒಲ್ಲೆನು. ಆದರೆ ಅಷ್ಟಕ್ಕೆ ಕಂಪನಿಯ ಸೈಲೆನ್ಸರಿನ ಸದ್ದೂ, ಕೈಯಳತೆಯಲ್ಲಿರುವ ಹಾರನ್ನೂ ಸಾಕು. ಹಾರನ್ನು ಮುಂದಕ್ಕೆ ಮುಖಮಾಡಿರುತ್ತದೆ, ಬೇಕಾದಾಗ ಮಾತ್ರ ನುಡಿಯುತ್ತದೆ, ಅದನ್ನೊತ್ತುವ ಎಡಹೆಬ್ಬೆರಳಿಗೆ ಬ್ರೇಕಿನ ಕೆಲಸವಿಲ್ಲ.

ಹೀಗಿದ್ದೂ ಘೋಷವಾಕ್ಯವು ಅಳಿಯದಿರುವುದೇಕೆ? ಯಂತ್ರದ ನಾದದ ಮೇಲೆ ಮನುಷ್ಯನಿಗಿರುವ ಪ್ರೀತಿಯೇ ಅದಕ್ಕೆ ಕಾರಣವೆಂದು ನನ್ನ ಎಣಿಕೆ. 45 ಡಿಗ್ರಿ ಕೋನದಲ್ಲಿ ನಿಂತ ಎರಡು ಸಿಲಿಂಡರುಗಳ ಅಸಮ ಲಯವನ್ನು ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಬೇಕೆಂದು ಹಾರ್ಲೆ-ಡೇವಿಡ್ಸನ್ ಕಂಪನಿಯು 1994ರಲ್ಲಿ ಅರ್ಜಿ ಹಾಕಿ 2000ದಲ್ಲಿ ಹಿಂತೆಗೆದುಕೊಂಡಿತು. ಇಂಗ್ಲೆಂಡಿನ ರೆಡಿಚ್‌ನಿಂದ 1955ರಲ್ಲಿ ಮದರಾಸಿಗೆ ಬಂದು ನೆಲೆಸಿದ ಬುಲೆಟ್ಟಿನ ಒಂಟಿ ಸಿಲಿಂಡರಿನ ಮಂದಗಂಭೀರ ಬಡಿತವನ್ನು ಕೇಳಿ, ಮನೆಗೆ ಬರುತ್ತಿರುವವರು ಯಾರೆಂದು ಗುರುತಿಸಿದ ಹಳ್ಳಿಗಳು ನಮ್ಮಲ್ಲಿ ಎಷ್ಟೋ ಇವೆ. ಈ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಅದು ರಕ್ಷಣೆಯ ವೇಷ ಧರಿಸಿ ಬರುವುದನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಸವಾರರದೇ ಪುರಾತನ ಸಂಸ್ಥೆಯಾದ, 1924ರಲ್ಲಿ ಸ್ಥಾಪಿತವಾದ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಕೂಡ ಅತಿಶಬ್ದವು ಸವಾರರ ಮೇಲೆ ಜನರ ದ್ವೇಷವನ್ನು ಬೆಳೆಸುವುದೆಂದು ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ. ದ್ವೇಷಕ್ಕೆ ಕಾರಣವೂ ಇಲ್ಲದಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರು ನಿಶ್ಶಬ್ದ ವಲಯವೆಂದೂ, ಅಲ್ಲಿ ರಾತ್ರಿಯ ಶಬ್ದವು 40 ಡೆಸಿಬೆಲ್ಲಿನೊಳಗಿರಬೇಕೆಂದೂ ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತಿರುವಾಗ, ಒಬ್ಬನ ಊಹಾಮಾತ್ರದ ರಕ್ಷಣೆಗಾಗಿ ಆ ಬೀದಿಯ ರೋಗಿಗಳೂ ಹಸುಗೂಸುಗಳೂ ನಿದ್ದೆಗೆಡುವುದನ್ನು ಯಾವ ನ್ಯಾಯದಿಂದ ಸಮರ್ಥಿಸೋಣ?

ನಿಜವಾಗಿ ಸವಾರನನ್ನು ಕಾಪಾಡುವ ಸಾಧನಗಳು ಅಷ್ಟು ಆಕರ್ಷಕವಲ್ಲದಿದ್ದರೂ ಪರೀಕ್ಷೆಯಲ್ಲಿ ಗೆದ್ದಂಥವು. ಹಗಲಿನಲ್ಲಿಯೂ ಉರಿಯುವ ಮುಂದೀಪ, ಹಳದಿ ಅಥವಾ ಕಿತ್ತಳೆ ಬಣ್ಣದ ಮೇಲಂಗಿ ಇವು ಅಪಘಾತಗಳನ್ನು ಗಣನೀಯವಾಗಿ ಇಳಿಸುವುವೆಂದು ಹರ್ಟ್ ಕಂಡುಕೊಂಡನು. ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳ ದೀಪವು ಎಂಜಿನ್ನಿನೊಡನೆ ತಾನಾಗಿಯೇ ಹೊತ್ತಿಕೊಳ್ಳುವುದು ಇದೇ ತತ್ತ್ವದ ಫಲ. ಇನ್ನು ಶಾಸನದ ಮಾತು: ಶಬ್ದದ ಮಿತಿ ಮೀರಿದವನಿಗೆ ಮೋಟಾರು ವಾಹನಗಳ ಕಾಯಿದೆಯು 10,000 ರೂಪಾಯಿವರೆಗೆ ದಂಡ ವಿಧಿಸುತ್ತದೆ, ನಮ್ಮ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಬೀದಿಯಲ್ಲಿ ಸಾಲಾಗಿರಿಸಿ ರೋಡ್ ರೋಲರ್ ಹಾಯಿಸಿದ್ದಾರೆ. ದಂಡವು ಅಗತ್ಯವೇ; ಆದರೆ ದಂಡಕ್ಕೆ ಹೆದರಿ ಕಳಚಿದವನು ತನ್ನ ನಂಬಿಕೆಯನ್ನು ಕಳಚಿರುವುದಿಲ್ಲವಾಗಿ, ಮರುವಾರ ಮತ್ತೊಂದನ್ನು ತಂದು ಹಾಕಿಸುತ್ತಾನೆ. ಲೈಸೆನ್ಸು ಕೊಡುವ ಮುನ್ನ ಪ್ರತಿಯೊಬ್ಬ ತರುಣನನ್ನೂ ಕಾರಿನ ಚಾಲಕನ ಸೀಟಿನಲ್ಲಿ ಕೂರಿಸಿ, ಗಾಜೇರಿಸಿ, ಎಂಜಿನ್ನನ್ನೂ ಹಾಡನ್ನೂ ಎಂದಿನಂತೆ ನಡೆಯಗೊಟ್ಟು, ಅವನು ಮೆಚ್ಚಿದ ಬೈಕೇ ಎದುರಿನಿಂದ ಬರುವಂತೆ ಮಾಡಿ, ಸದ್ದು ಕೇಳಿದೊಡನೆ ಕೈಯೆತ್ತೆಂದು ಹೇಳಬೇಕು. ಅವನು ಕೈಯೆತ್ತಿದ ಕ್ಷಣದಲ್ಲಿ ಬೈಕು ಎಷ್ಟು ಮೀಟರು ದೂರದಲ್ಲಿತ್ತೆಂಬುದನ್ನು ಅವನ ಕೈಗೇ ಟೇಪು ಕೊಟ್ಟು ಅಳೆಯಿಸಬೇಕು.