ಸುರುಳಿಗೆಷ್ಟು, ಹಾಡಿಗೆಷ್ಟು?

ಇಪ್ಪತ್ನಾಲ್ಕು ಟ್ರ್ಯಾಕಿನ ಧ್ವನಿಮುದ್ರಣಕ್ಕೆ ಸ್ಟುಡಿಯೋಗಳಲ್ಲಿ ಬಳಸುವ ಟೇಪು ಎರಡು ಅಂಗುಲ ಅಗಲದ್ದು. ಒಂದು ಸುರುಳಿಯ ಉದ್ದ 2500 ಅಡಿ. ಸೆಕೆಂಡಿಗೆ 30 ಅಂಗುಲದ ವೇಗದಲ್ಲಿ ಓಡಿಸಿದರೆ ಹದಿನೇಳು ನಿಮಿಷ ತುಂಬುವ ಮೊದಲೇ ಅದು ಮುಗಿದುಹೋಗುತ್ತದೆ. ಅಮೆರಿಕದಲ್ಲಿ ಇಂದು ಇಂತಹ ಒಂದು ಸುರುಳಿಗೆ 300 ಡಾಲರಿಗೂ ಹೆಚ್ಚು ಬೆಲೆಯಿದೆ. ನಿಮಿಷಕ್ಕೆ 18 ಡಾಲರು ಎಂದಾಯಿತು. ಹಾಡುಗಾರ ಕೆಮ್ಮಿದರೂ ಮೀಟರು ಓಡುತ್ತಲೇ ಇರುತ್ತದೆ. ಅಳಿಸಿ ಮತ್ತೆ ಬಳಸಬಹುದು, ನಿಜ. ಆದರೆ ಹಾಗೆ ಮಾಡಿದರೆ ಮೊದಲು ಹಾಡಿದ್ದು ಹೋಯಿತು. ಯಾವುದನ್ನು ಉಳಿಸಬೇಕು ಎಂಬುದನ್ನು ಆಗಲೇ, ಅಲ್ಲೇ ತೀರ್ಮಾನಿಸಬೇಕು.

ಈ ದುಬಾರಿತನವೇ ಟೇಪಿನ ಗುಣ ಎಂದು ವಾದಿಸುವವರು ಪಾಶ್ಚಾತ್ಯ ಸಂಗೀತಲೋಕದಲ್ಲಿ ಕಡಿಮೆಯಿಲ್ಲ. ಬೆಲೆ ಇದ್ದಾಗ ಕಲಾವಿದ ತಾಲೀಮು ಮಾಡಿಕೊಂಡು ಬರುತ್ತಿದ್ದ. ಕಂಪ್ಯೂಟರಿನಲ್ಲಿ ನೂರು ಸಲ ಹಾಡಿ ತುಣುಕುಗಳನ್ನು ಹೊಲಿಯುವುದು ಸಂಗೀತವಲ್ಲ, ದರ್ಜಿ ಕೆಲಸ ಎನ್ನುವುದು ಅವರ ನಿಲುವು. ದರ್ಜಿಗಳನ್ನು ಹೀಗೆ ಹಗುರವಾಗಿ ಕಾಣುವುದು ಬೇರೆ ಮಾತು. ನನ್ನ ತಕರಾರು ಇರುವುದು ಶಿಸ್ತಿನ ಹೆಸರಿನಲ್ಲಿ ಬೆಲೆಯನ್ನು ಕೊಂಡಾಡುವುದರ ಬಗ್ಗೆ.

ಟೇಪಿನ ಪಕ್ಷ ವಹಿಸಿದವರಲ್ಲಿ ಅತ್ಯಂತ ಪ್ರಾಮಾಣಿಕನೆಂದರೆ ಷಿಕಾಗೊದ ಸ್ಟೀವ್ ಆಲ್ಬಿನಿ. ಆತ 2024ರ ಮೇ ತಿಂಗಳಲ್ಲಿ ತೀರಿಕೊಂಡ. 1993ರಲ್ಲಿ ನಿರ್ವಾಣ ಎಂಬ ವಾದ್ಯವೃಂದದ ‘ಇನ್ ಯೂಟೆರೋ’ ಆಲ್ಬಮನ್ನು ಮುದ್ರಿಸಿದಾಗ ಮಾರಾಟದಲ್ಲಿ ಪಾಲು ಬೇಡ, ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು ಎಂದವನು. ಕಂಪನಿಗಳ ಲೆಕ್ಕದಲ್ಲಿ ಕಲಾವಿದರು ಹೇಗೆ ಸಾಲಗಾರರಾಗುತ್ತಾರೆ ಎಂಬುದನ್ನು ಅಂಕಿ ಸಮೇತ ಬರೆದವನು. ಟೇಪಿನ ಪರವಾಗಿ ಆತ ಮುಂದಿಟ್ಟ ಮುಖ್ಯ ಕಾರಣ ನಾದದ ಇಂಪಲ್ಲ, ಬಾಳಿಕೆ. ಐವತ್ತು ವರ್ಷದ ಹಿಂದಿನ ಸುರುಳಿಯನ್ನು ಇಂದೂ ಕೇಳಬಹುದು. ಡಿಜಿಟಲ್ ಕಡತವನ್ನು ಹತ್ತು ವರ್ಷದ ನಂತರ ತೆರೆಯಲು ಅದೇ ಸಾಫ್ಟ್‌ವೇರು, ಅದೇ ಯಂತ್ರ ಉಳಿದಿರುತ್ತದೆ ಎಂಬ ಭರವಸೆಯಿಲ್ಲ.

ಮಾತು ಗಟ್ಟಿಯಾದದ್ದು. ಆದರೆ ಪೂರ್ತಿ ಒಪ್ಪುವಂತಿಲ್ಲ. 1970-80ರ ದಶಕದಲ್ಲಿ ಅಮೆರಿಕದ ಸ್ಟುಡಿಯೋಗಳು ಧಾರಾಳವಾಗಿ ಬಳಸಿದ ಆಂಪೆಕ್ಸ್ 456 ಟೇಪುಗಳನ್ನೇ ನೋಡಿ. ಅವುಗಳ ಲೇಪವನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಜಿಗುಟಾಯಿತು. ಯಂತ್ರಕ್ಕೆ ಹಾಕಿದರೆ ಟೇಪು ಕಿರುಗುಟ್ಟಿ ನಿಲ್ಲುತ್ತದೆ, ಲೇಪ ಕಿತ್ತು ಬರುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ ಐವತ್ತು ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸುವುದು. ಹಾಗೆ ಕಾಯಿಸಿದ ಟೇಪು ಸ್ವಲ್ಪ ಕಾಲ ಮಾತ್ರ ಸರಿಯಿರುತ್ತದೆ. ಆ ಅವಧಿಯಲ್ಲಿ ಅದನ್ನು ಯಾವುದಕ್ಕೆ ನಕಲು ಮಾಡುತ್ತಾರೆ? ಡಿಜಿಟಲ್ ಕಡತಕ್ಕೆ. 2005ರ ಜನವರಿಯಲ್ಲಿ ಅಲಬಾಮಾ ರಾಜ್ಯದ ಒಪೆಲೈಕಾ ಊರಿನ ಕ್ವಾಂಟಿಜಿ ಕಾರ್ಖಾನೆ ಬಾಗಿಲು ಹಾಕಿದಾಗ ಸ್ಟುಡಿಯೋದವರು ಸುರುಳಿಗಳಿಗಾಗಿ ಮುಗಿಬಿದ್ದರು. ಶಾಶ್ವತ ಎಂದುಕೊಂಡದ್ದು ಒಂದೆರಡು ಕಾರ್ಖಾನೆಗಳ ಹಣೆಬರಹವನ್ನು ನೆಚ್ಚಿಕೊಂಡಿತ್ತು.

ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ನೆಬ್ರಾಸ್ಕಾ’. ಕತೆ ಬರೆಯುವ ನನಗೆ ಇದು ಬಹಳ ಹತ್ತಿರದ ಕೃತಿ. ಫ್ಲಾನರಿ ಓಕಾನರಳ ಸಣ್ಣಕತೆಗಳನ್ನು ಓದಿದ ಗುಂಗಿನಲ್ಲಿ ಹುಟ್ಟಿದ ಹಾಡುಗಳಿವು. ಕೊಲೆಗಾರ, ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವನು, ತಪ್ಪಿತಸ್ಥ ತಮ್ಮನನ್ನು ಹಿಡಿಯದೆ ಬಿಟ್ಟ ಪೊಲೀಸು—ಎಲ್ಲರೂ ತಗ್ಗಿದ ದನಿಯಲ್ಲಿ, ಎದುರಿಗೆ ಯಾರೋ ಅಧಿಕಾರಿ ಕೂತಿದ್ದಾನೆಂಬಂತೆ ಮಾತಾಡುತ್ತಾರೆ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿನ ಬಾಡಿಗೆ ಮನೆಯೊಳಗೆ ಇವನ್ನು ಮುದ್ರಿಸಲಾಯಿತು. ಯಂತ್ರ ಟ್ಯಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೋ 144. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕು. ಬೆಲೆ ಸುಮಾರು ಸಾವಿರ ಡಾಲರು. ದೊಡ್ಡ ಸ್ಟುಡಿಯೋದ ಇಪ್ಪತ್ನಾಲ್ಕು ಟ್ರ್ಯಾಕಿನ ಯಂತ್ರಕ್ಕೆ ಹತ್ತಾರು ಸಾವಿರ ಡಾಲರು ಸುರಿಯಬೇಕಿದ್ದ ಕಾಲ ಅದು. ಬ್ಯಾಂಡಿಗೆ ಕೇಳಿಸಲೆಂದು ಮಾಡಿದ ಕರಡು ಪ್ರತಿ ಅದು. ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದನಂತೆ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಬ್ಯಾಂಡಿನೊಂದಿಗೆ ಅವೇ ಹಾಡುಗಳನ್ನು ಹಾಡಿ ನೋಡಿದ, ಸಮಾಧಾನವಾಗಲಿಲ್ಲ. ಕೊನೆಗೆ ಕ್ಯಾಸೆಟ್ಟೇ ಆಲ್ಬಮ್ಮಾಯಿತು. ಬ್ಯಾಂಡಿನ ಆ ಯತ್ನಗಳು 2025ರಲ್ಲಿ ಬಿಡುಗಡೆಯಾಗಿವೆ. ಕೇಳಿದರೆ ಅವನ ತೀರ್ಮಾನ ಸರಿಯೆಂದೇ ತೋರುತ್ತದೆ. ಡ್ರಮ್ಮಿನ ಸದ್ದಿನಲ್ಲಿ ತಪ್ಪೊಪ್ಪಿಗೆಯ ದನಿ ಉಳಿಯುವುದಿಲ್ಲ.

ಇದನ್ನು ಬಡವನ ಗೆಲುವು ಎಂದು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ಆತ ಆಗಲೇ ಲಕ್ಷಗಟ್ಟಲೆ ಆಲ್ಬಮುಗಳನ್ನು ಮಾರಿದ್ದ ಗಾಯಕ. ಆ ಮಂಕು ಕ್ಯಾಸೆಟ್ಟನ್ನು ಎಲ್‌ಪಿಗೆ ಒಗ್ಗಿಸಲು ದುಬಾರಿ ತಂತ್ರಜ್ಞರು ಹೆಣಗಬೇಕಾಯಿತು; ಆ ಖರ್ಚು ಭರಿಸುವ ಕಂಪನಿ ಬೆನ್ನಿಗಿತ್ತು. ಅಗ್ಗದ ಯಂತ್ರ ಅವನಿಗೆ ಕೊಟ್ಟದ್ದು ಗಡಿಯಾರವಿಲ್ಲದ ಕೋಣೆಯನ್ನು. ಮೀಟರಿಗೆ ಹೆದರಿದವನು ಇಷ್ಟು ಮೆಲ್ಲಗೆ ಹಾಡಲಾರ. ಹಾಗಾಗಿ ಟೇಪಿನಲ್ಲೇ ಮುದ್ರಣಗೊಂಡ ಈ ಕೃತಿ ‘ದುಬಾರಿತನವೇ ಶಿಸ್ತು’ ಎನ್ನುವ ವಾದಕ್ಕೆ ವಿರುದ್ಧದ ಸಾಕ್ಷಿ.

ಅಂದರೆ ಅನಲಾಗ್-ಡಿಜಿಟಲ್ ಎಂಬ ಗೆರೆಯನ್ನೇ ತಪ್ಪು ಜಾಗದಲ್ಲಿ ಎಳೆಯಲಾಗಿದೆ. ಗೆರೆ ಇರುವುದು ದುಬಾರಿ ಮತ್ತು ಅಗ್ಗದ ನಡುವೆ. 1992ರಲ್ಲಿ ಮಾರುಕಟ್ಟೆಗೆ ಬಂದ ಎಡ್ಯಾಟ್ ಯಂತ್ರ ವಿಡಿಯೋ ಕ್ಯಾಸೆಟ್ಟಿನ ಮೇಲೆ ಎಂಟು ಡಿಜಿಟಲ್ ಟ್ರ್ಯಾಕುಗಳನ್ನು ಬರೆಯುತ್ತಿತ್ತು. ಬೆಲೆ ನಾಲ್ಕು ಸಾವಿರ ಡಾಲರಿನಷ್ಟು. ಅದೂ ಟೇಪೇ. ಮನೆಯಲ್ಲೇ ಆಲ್ಬಮ್ ಮಾಡುವುದು ಅದರಿಂದ ಎಷ್ಟೋ ಜನರಿಗೆ ಸಾಧ್ಯವಾಯಿತು. ಈಗ ಆಡಾಸಿಟಿ ಪುಕ್ಕಟೆ. ಮೈಕು ಸಿಕ್ಕಿಸುವ ಪೆಟ್ಟಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ.

ನಮ್ಮಲ್ಲಿ ಈ ಪಲ್ಲಟ ನಡೆದದ್ದು ಟೇಪಿನಿಂದಲೇ. 1980ರ ದಶಕಕ್ಕೆ ಮುನ್ನ ಭಾರತದ ಧ್ವನಿಮುದ್ರಣದ ಮೇಲೆ ಗ್ರಾಮಫೋನ್ ಕಂಪನಿಗೆ ಹೆಚ್ಚುಕಡಿಮೆ ಏಕಸ್ವಾಮ್ಯವಿತ್ತು. ಅದನ್ನು ಕ್ಯಾಸೆಟ್ಟು ಒಡೆದ ಬಗೆಯನ್ನು ಪೀಟರ್ ಮ್ಯಾನ್ಯುಯಲ್ 1993ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಕದ್ದ ಹಾಡುಗಳ ವ್ಯಾಪಾರವೂ ಜತೆಗೇ ಬೆಳೆಯಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಉರೂಸಿನ ಬಯಲಲ್ಲಿ ಹಾಡುವ ಕವ್ವಾಲರು, ಒಂದೇ ಜಿಲ್ಲೆಯಲ್ಲಿ ಹೆಸರಿದ್ದ ವಾಅಜಿನ ಮೌಲವಿಗಳು, ತತ್ವಪದದವರು ಮುದ್ರಣಗೊಂಡಿದ್ದು ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಮಿತಿಯಿಂದ ಕಲೆಗೆ ಲಾಭವೇ ಇಲ್ಲವೆಂದಲ್ಲ. ಕಿರಾಣಾದ ಅಬ್ದುಲ್ ಕರೀಂ ಖಾನರು 78ರ ತಟ್ಟೆಯ ಮೂರು ಚಿಲ್ಲರೆ ನಿಮಿಷದಲ್ಲಿ ಒಂದು ರಾಗವನ್ನು ನಿಲ್ಲಿಸಿದ ರೀತಿ ಬೆರಗು ಹುಟ್ಟಿಸುತ್ತದೆ. ಆದರೆ ಆ ಮೂರು ನಿಮಿಷ ಅವರ ಆಯ್ಕೆಯಾಗಿರಲಿಲ್ಲ.

ಅಗ್ಗವಾದದ್ದಕ್ಕೂ ಯಾರೋ ಬೆಲೆ ತೆರುತ್ತಾರೆ. ಉರ್ದು ಓದಿದವರಿಗೆ ಇದು ಹೊಸತಲ್ಲ. 1994ರಲ್ಲಿ ಇನ್‌ಪೇಜ್ ಬಂದ ಮೇಲೆ ಗಜಲ್ ಸಂಕಲನ ತರುವುದು ಸಲೀಸಾಯಿತು, ಕಾತಿಬರ ಕಲಮಿಗೆ ಕೆಲಸ ಇಲ್ಲವಾಯಿತು. ಸ್ಟುಡಿಯೋದಲ್ಲೂ ಹಾಗೆಯೇ. ಟೇಪು ಹಚ್ಚುವ ಸಹಾಯಕ, ಯಂತ್ರ ಸರಿಮಾಡುವವನು, ‘ಇದು ಸಾಕು, ಮುಂದೆ ಹೋಗೋಣ’ ಎನ್ನುವ ಇಂಜಿನಿಯರು—ಇವರೆಲ್ಲರ ಕೆಲಸ ಈಗ ಮನೆಯಲ್ಲಿ ಒಬ್ಬನೇ ಕೂತ ಹಾಡುಗಾರನ ತಲೆಗೆ ಬಂದಿದೆ, ಕೂಲಿಯಿಲ್ಲದೆ. ಉಳಿಸುವ ಕೆಲಸವೂ ಅವನದೇ. ಕಾತಿಬರನ್ನು ಕರೆತರಲು ಆ ಗಜಲ್ ಸಂಕಲನಗಳನ್ನು ವಾಪಸು ಕೊಡಿ ಎಂದರೆ ನಾನಂತೂ ಒಪ್ಪಲಾರೆ.

ಅಮೆರಿಕದ ಹಳೆಯ ಸುರುಳಿಗಳನ್ನು ಕಾಯಿಸಿ ನಕಲು ಮಾಡಲು ಕಂಪನಿಗಳಿವೆ, ಹಣವಿದೆ. ನಮ್ಮ ಕವ್ವಾಲಿಯ, ವಾಅಜಿನ, ತತ್ವಪದದ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಬೂಷ್ಟು ಹಿಡಿಯುತ್ತಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಕೆಟ್ಟಿರದ ಒಂದು ಟೇಪ್‌ರೆಕಾರ್ಡರು, ಒಂದು ವಯರು ಸಾಕು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಹಿಡಿಯುತ್ತದೆ.