ಐದು ಮಂದಿಗೆ ಬೋನಸ್ ಇಲ್ಲ

ಅಂತರ ಕಾಲೇಜು ಕಬಡ್ಡಿಯ ಮೊದಲ ಸುತ್ತು. ಎರಡನೇ ಅವಧಿ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ, ನಾವು ಮೂರು ಅಂಕ ಹಿಂದಿದ್ದೆವು. ನಮ್ಮ ಹುಡುಗ ರೇಡಿಗೆ ಹೋದ. ಮ್ಯಾಟಿನ ಅಂಚಿನವರೆಗೂ ನುಗ್ಗಿ ನಿಂತಿದ್ದ ನಾವು ಹದಿನೈದು ಮಂದಿ ಒಂದೇ ದನಿಯಲ್ಲಿ ಕೂಗಿದೆವು: "ಬೋನಸ್ ತಗೋ! ಬೋನಸ್ ತಗೋ!" ಅವನು ಒಂದು ಗಳಿಗೆ ತಡೆದ. ಆಮೇಲೆ ಬಲಗಾಲನ್ನು ಬೋನಸ್ ಗೆರೆಯಾಚೆ ಇಟ್ಟು ಎಡಗಾಲನ್ನು ನೆಲದಿಂದ ಎತ್ತಿದ. ಕಾರ್ನರಿನಲ್ಲಿ ಕುಕ್ಕರಗಾಲಲ್ಲಿ ಕಾಯುತ್ತಿದ್ದವನು ಪಾದದ ಗಂಟಿಗೆ ಕೈ ಹಾಕಿದ. ಉಳಿದವರು ಮೇಲೆ ಬಿದ್ದರು. ಪಂದ್ಯ ಅಲ್ಲಿಗೇ ಮುಗಿಯಿತು.

ಎದುರಾಳಿ ಅಂಕಣದಲ್ಲಿ ಆಗ ಇದ್ದದ್ದು ಐದೇ ಜನ. ಆರು ಮಂದಿಗಿಂತ ಕಡಿಮೆ ಇದ್ದರೆ ಬೋನಸ್ ಅಂಕವೇ ಇಲ್ಲ. ಇಲ್ಲದ ಅಂಕಕ್ಕಾಗಿ ನಾವು ಗಂಟಲು ಹರಿದುಕೊಂಡಿದ್ದೆವು. ಊರಿಗೆ ಮರಳುವಾಗ ಬಾಡಿಗೆ ಕ್ರೂಸರಿನಲ್ಲಿ ದಾರಿಯುದ್ದಕ್ಕೂ ಬೈಗುಳ ತಿಂದವನು ಮಾತ್ರ ಅವನೇ. "ಅಷ್ಟು ದೂರ ಕಾಲ ಚಾಚಲಾಕ ಯಾರ ಹೇಳಿದ್ರೋ ನಿನಗ?" ಹೇಳಿದವರು ನಾವೇ. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು ತಣ್ಣಗಾದ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಮುರಿದು ತಿನ್ನುತ್ತಿದ್ದ.

ಆ ಹುಡುಗನ ಆಟದ ಬಗ್ಗೆ ಬೇಕಾದಷ್ಟು ಮಾತಾಡಿಯಾಗಿದೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ನಮ್ಮ ಕೂಗನ್ನು. ಸೋಲುವ ತಂಡಕ್ಕೆ ಬೆಂಬಲ ಕೊಡುವುದೂ ಒಂದು ಕಲೆಯೇ ಆಗಿದ್ದರೆ, ಅದರಲ್ಲಿ ನಾವು ಎಷ್ಟು ಪಳಗಿದ್ದೇವೆ?

ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಾದರೂ ಕೂತು ನೋಡಿ. ಕಾಲೇಜು ತಂಡದ ಸೋಲಿಗೆ ಅಲ್ಲಿ ಮೂರೇ ತೀರ್ಪು. "ರೆಫ್ರಿ ಅವರ ಕಡಿ ಇದ್ದ." "ನಮ್ಮ ಹುಡುಗರಿಗಿ ದಮ್ಮಿಲ್ಲ." "ನಮ್ಮ ಹಣೇಬರಾನ ಇಷ್ಟು." ಒಂದು ತೀರ್ಪು ಸೋಲನ್ನು ಬೇರೆಯವರ ತಲೆಗೆ ಕಟ್ಟುತ್ತದೆ, ಇನ್ನೊಂದು ಹದಿನೆಂಟು ವರ್ಷದ ಹುಡುಗನ ತಲೆಗೆ, ಮೂರನೆಯದು ದೇವರ ತಲೆಗೆ. ಮೂರರಲ್ಲಿ ಯಾವುದನ್ನು ಒಪ್ಪಿಕೊಂಡರೂ ಮುಂದೆ ಮಾತಾಡಲು ಏನೂ ಉಳಿಯುವುದಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗಬಹುದು.

ಈ ಶೈಲಿಯನ್ನು ನಾವು ಎಲ್ಲಿ ಕಲಿತೆವು ಎಂದು ಹೇಳುವುದು ಕಷ್ಟವೇನಲ್ಲ. ಸೋಲುವ ತಂಡವನ್ನು ಪ್ರೀತಿಸುವುದರಲ್ಲಿ ಕನ್ನಡಿಗರಿಗೆ ಒಂದು ದೊಡ್ಡ ಪಾಠಶಾಲೆಯೇ ಇತ್ತು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯದಲ್ಲೇ ಬೆಂಗಳೂರು ತಂಡ 82 ರನ್ನಿಗೆ ಉರುಳಿ 140 ರನ್ನಿನಿಂದ ಸೋತಿತು. 2009, 2011, 2016ರಲ್ಲಿ ಫೈನಲ್ ತಲುಪಿ ಸೋತಿತು. 2016ರ ಫೈನಲ್ ಅಂತೂ ಚಿನ್ನಸ್ವಾಮಿಯಲ್ಲೇ, ಬರೀ ಎಂಟು ರನ್ನಿನಿಂದ. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್ ಆಯಿತು. ಆದರೂ ಪ್ರತಿ ಬೇಸಿಗೆಗೆ "ಈ ಸಲ ಕಪ್ ನಮ್ದೇ" ಎಂಬ ಮಾತು ಮಾವಿನ ಹಣ್ಣಿನ ಹಾಗೆ ತಪ್ಪದೆ ಬಂತು. ಅದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಸೋಲಿನ ಬಗ್ಗೆ ಇಡೀ ನಾಡು ಸೇರಿ ನಗುವುದನ್ನು ಅದು ಕಲಿಸಿತು. ಸಿಂದಗಿಯ ಹುಡುಗನಿಗೂ ಬೆಂಗಳೂರಿನ ಐಟಿ ಉದ್ಯೋಗಿಗೂ ನಡುವೆ ಒಂದು ಸಮಾನ ದುಃಖವನ್ನು ಹುಟ್ಟಿಸಿತು. ಸೋತವರ ಜೊತೆ ಹದಿನೆಂಟು ಬೇಸಿಗೆ ನಿಲ್ಲುವುದು ಸಣ್ಣ ಸಂಗತಿಯಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರು ರನ್ನಿನಿಂದ ಕಪ್ ಬಂದಾಗ ನಮ್ಮ ಓಣಿಗಳಲ್ಲಿ ಮಧ್ಯರಾತ್ರಿ ಪಟಾಕಿ ಸಿಡಿದದ್ದಕ್ಕೆ ಅರ್ಥವಿತ್ತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋದಾಗ ಆ ಸಂಭ್ರಮ ಬಾಯಲ್ಲೇ ಕಹಿಯಾಯಿತು.

ಆದರೆ ಆ ಪಾಠಶಾಲೆಯ ದೋಷವೂ ಅಲ್ಲೇ ಇದೆ. ಅಲ್ಲಿ ಅಭಿಮಾನಿಗೆ ಆಶೆಪಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಹರಾಜಿನಲ್ಲಿ ಯಾರನ್ನು ಕೊಳ್ಳಬೇಕು, ಯಾರಿಗೆ ಹೊಸ ಚೆಂಡು ಕೊಡಬೇಕು ಎಂಬುದನ್ನು ನಿರ್ಧರಿಸುವವರು ಬೇರೆ. ದುಡ್ಡು ಅವರದು, ನಾವು ಗಿರಾಕಿಗಳು. ಗಿರಾಕಿ ಸಿಟ್ಟಾಗಬಹುದು, ಬೈಯಬಹುದು, ಚಾನೆಲ್ ಬದಲಿಸಬಹುದು. ಅಂಗಡಿಯ ಒಳಗಿನ ಕೆಲಸ ಅವನದಲ್ಲ. ಕಾಲೇಜು ಮೈದಾನಕ್ಕೆ ಬರುವಾಗ ನಾವು ಇದೇ ಗಿರಾಕಿಯ ಬುದ್ಧಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದೆವು. ಇಲ್ಲಿ ಆಡುವವನು ನಮ್ಮ ಸೋದರಮಾವನ ಮಗ. ಅವನ ಬೂಟಿನ ಅಟ್ಟೆ ಕಿತ್ತು ಎಷ್ಟು ದಿನವಾಯಿತು ಎಂಬುದು ನಮಗೆ ಗೊತ್ತು. ಹಾಗಿದ್ದೂ ದೂರದ ಟಿವಿಯ ತಂಡಕ್ಕೆ ಬೈದ ಹಾಗೇ ಬೈದೆವು.

ಸೋಲಿನ ಲೆಕ್ಕದಲ್ಲಿ ನಮ್ಮನ್ನೆಲ್ಲ ಮೀರಿಸಿದ ಒಂದು ಕಾಲೇಜು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಜ್ಞಾನದಲ್ಲಿ ನೊಬೆಲ್ ಪಡೆದವರ ದಂಡನ್ನೇ ಕಂಡ ಸಂಸ್ಥೆ. ಅದರ ಬ್ಯಾಸ್ಕೆಟ್‌ಬಾಲ್ ತಂಡ 1985ರಿಂದ ತನ್ನ ಲೀಗಿನಲ್ಲಿ ಸತತ 310 ಪಂದ್ಯ ಸೋತಿತು. 2011ರ ಫೆಬ್ರುವರಿ 22ರಂದು 46–45ರಿಂದ, ಒಂದೇ ಒಂದು ಅಂಕದಿಂದ, ಆ ಸರಪಳಿ ಕಡಿಯಿತು. ಆ ಸೋಲುಗಳಿಗೆ ಅಲ್ಲಿ ಯಾರೂ ಹಣೆಬರಹ ಎನ್ನಬೇಕಾಗಿರಲಿಲ್ಲ. ಆಟಗಾರನೆಂದು ಅಲ್ಲಿ ಯಾರಿಗೂ ಶಿಷ್ಯವೇತನ ಸಿಗುವುದಿಲ್ಲ. ಗಣಿತ, ಭೌತವಿಜ್ಞಾನದಲ್ಲಿ ಮುಂದಿರುವವರು ಬರುತ್ತಾರೆ, ಅವರಲ್ಲೇ ಆಡಬಲ್ಲವರು ಆಡುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿರುವಾಗ ಸೋಲಿಗೆ ಹುಡುಗನನ್ನು ದೂರುವ ಅಗತ್ಯ ಬೀಳುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಹೆಚ್ಚು ಬೆಳೆಯದಿರುವುದಕ್ಕೂ ಇಂಥದ್ದೇ ಸೀದಾ ಕಾರಣವಿದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, 3.05 ಮೀಟರ್ ಎತ್ತರಕ್ಕೆ ಎರಡು ಬಳೆ ಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಕಾಲಿಗಂಟುವ ಎರಿ ಮಣ್ಣಿನಲ್ಲಿ ಚೆಂಡು ಪುಟಿಯುವುದಿಲ್ಲ. ಕಬಡ್ಡಿಗೆ ಇವು ಯಾವುವೂ ಬೇಡ. ನೆಲ ಹದಮಾಡಿ ಗೆರೆ ಎಳೆದರೆ ಸಾಕು ಎಂದೇ ಅದು ನಮ್ಮ ಆಟವಾಯಿತು. ಆದರೆ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಕಬಡ್ಡಿ ಎಂದರೆ ಮ್ಯಾಟ್ ಎಂದಾಯಿತು, ಮೇಲಿನ ಹಂತದ ಪಂದ್ಯಗಳೂ ಮ್ಯಾಟಿನ ಮೇಲೆಯೇ. ನಮ್ಮ ಹುಡುಗರು ವರ್ಷವಿಡೀ ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತು, ಪಂದ್ಯದ ದಿನ ಬೂಟು ಹಾಕಿಕೊಂಡು ಮ್ಯಾಟ್ ಮೇಲೆ ನಿಲ್ಲುತ್ತಾರೆ. ಮಣ್ಣಿನಲ್ಲಿ ಕಾಲು ಜಾರಿಸಿ ತಪ್ಪಿಸಿಕೊಳ್ಳುವ ಚಳಕವಿದೆ. ಮ್ಯಾಟ್ ಕಾಲನ್ನು ಹಿಡಿದುಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಅವರು ಎದುರಾಳಿಯ ಜೊತೆ ಆಡುವುದೇ ಇಲ್ಲ, ನೆಲದ ಜೊತೆ ಆಡುತ್ತಾರೆ. ಅಷ್ಟರೊಳಗೆ ಇಡೀ ತಂಡ ಔಟಾಗಿ ಒಂದು ಲೋಣ ಬಿದ್ದಿರುತ್ತದೆ.

ಸೋಲಿಗೆ ಕಾರಣಗಳು ಇನ್ನೂ ಇವೆ. ಈ ಊರುಗಳ ಪದವಿ ಕಾಲೇಜುಗಳು 2010ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುದ್ದೇಬಿಹಾಳದಿಂದ ಹೊರಟ ತಂಡ ಆ ಕಡೆ ಆಡಲು ಹೋಗುವುದೆಂದರೆ ಹಿಂದಿನ ರಾತ್ರಿಯ ನಿದ್ದೆ ಬಸ್ಸಿನಲ್ಲಿ. ಸೆಮಿಸ್ಟರ್ ಬಂದ ಮೇಲೆ ವರ್ಷಕ್ಕೆರಡು ಪರೀಕ್ಷೆ. ಅವುಗಳ ನಡುವೆ ತೊಗರಿ ರಾಶಿ, ಜೋಳದ ರಾಶಿ. ಆ ದಿನಗಳಲ್ಲಿ ಕಾರ್ನರಿನ ಹುಡುಗ ಹೊಲದಲ್ಲಿರುತ್ತಾನೆ. ಹುಡುಗಿಯರ ಖೋಖೋ ತಂಡದ ಗಡಿಯಾರವೇ ಬೇರೆ. ಐದು ಗಂಟೆಗೆ ಹಳ್ಳಿಯ ಬಸ್ಸು ಹೊರಡುತ್ತದೆ ಎಂದರೆ ನಾಲ್ಕೂವರೆಗೆ ಅಭ್ಯಾಸ ಮುಗಿಯಲೇಬೇಕು. ಮೊದಲ ವರ್ಷ ಮಿಂಚಿನಂತೆ ಓಡಿದವಳು ಮೂರನೇ ವರ್ಷಕ್ಕೆ ಮದುವೆಯಾಗಿ ಹೋಗಿರುವುದೂ ಉಂಟು. ದೈಹಿಕ ಶಿಕ್ಷಣ ನಿರ್ದೇಶಕರು ಇಲ್ಲದ ಕಡೆ ಇತಿಹಾಸದ ಮೇಷ್ಟ್ರೇ ತಂಡ ಕರೆದೊಯ್ಯುತ್ತಾರೆ. ಅವರ ಪ್ರೀತಿಗೆ ಕೊರತೆಯಿಲ್ಲ. ಟೈಮ್‌ಔಟ್ ಯಾವಾಗ ಕೇಳಬೇಕು ಎಂಬುದು ಮಾತ್ರ ಅವರಿಗೆ ತಿಳಿಯದು.

ಎಲ್ಲಕ್ಕಿಂತ ವಿಚಿತ್ರವಾದ ಕಾರಣ ಇನ್ನೊಂದು. ತಾಲ್ಲೂಕಿನಲ್ಲಿ ನಿಜವಾಗಿ ಒಬ್ಬ ಒಳ್ಳೆಯ ರೇಡರ್ ಹುಟ್ಟಿದರೆ ಪಿಯುಸಿ ಮುಗಿದ ಕೂಡಲೇ ಅವನು ನಮ್ಮ ಕೈಬಿಡುತ್ತಾನೆ. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಎಲ್ಲವನ್ನೂ ಪುಕ್ಕಟೆ ಕೊಡುತ್ತವೆ. ಅಲ್ಲಿಗೆ ಹೋಗುವುದು ಹುಡುಗನಿಗೆ ಒಳ್ಳೆಯದೇ, ತಪ್ಪೇನೂ ಇಲ್ಲ. ಆದರೆ ನಮ್ಮ ಕಾಲೇಜು ಸೋಲುವುದಕ್ಕೆ ಎಷ್ಟೋ ಸಲ ನಮ್ಮ ಊರು ಗೆದ್ದಿರುವುದೇ ಕಾರಣ. "ನಮ್ಮವರಿಗಿ ದಮ್ಮಿಲ್ಲ" ಎನ್ನುವ ಚಹಾದಂಗಡಿಯ ತೀರ್ಪಿನಲ್ಲಿ ಈ ಹುಡುಗನ ಲೆಕ್ಕ ಬರುವುದೇ ಇಲ್ಲ.

ದಮ್ಮಿನ ಮಾತು ಸುಳ್ಳೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ವಿಜಯಪುರ ಜಿಲ್ಲೆ ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ಕೊಡುತ್ತ ಬಂದಿದೆ. ಅವರು ತಿಂದದ್ದೂ ಇದೇ ಜೋಳದ ರೊಟ್ಟಿ, ತುಳಿದದ್ದೂ ಇದೇ ಬಿಸಿಲಿನ ರಸ್ತೆ. ವ್ಯತ್ಯಾಸ ಇಷ್ಟೇ: ಅವರಿಗೆ ಕ್ರೀಡಾ ಇಲಾಖೆಯ ನಿಲಯವಿತ್ತು, ತರಬೇತುದಾರರಿದ್ದರು, ತುಳಿಯಲು ತಕ್ಕ ಸೈಕಲ್ಲಿತ್ತು. ಹಣೆಬರಹ ಜಿಲ್ಲೆಗೆಲ್ಲ ಒಂದೇ ಆಗಿದ್ದರೆ ಅದು ಸೈಕಲ್ಲಿಗೊಂದು, ಕಬಡ್ಡಿಗೊಂದು ಹೇಗಾಯಿತು?

ಹಾಗಾದರೆ ಒಳ್ಳೆಯ ಬೆಂಬಲ ಹೇಗಿರುತ್ತದೆ? ಅಳತೆಗೋಲಿಗಾಗಿ ನಾವು ಹೊರಗೆ ಹುಡುಕಬೇಕಿಲ್ಲ. ನಮ್ಮ ಜಾತ್ರೆಯ ಕುಸ್ತಿ ಕಣದ ಸುತ್ತ ಕೂತ ಹಿರಿಯರನ್ನು ನೋಡಿದರೆ ಸಾಕು. ಅವರೂ ಕೂಗುತ್ತಾರೆ, ಜೋರಾಗಿಯೇ ಕೂಗುತ್ತಾರೆ. ಆದರೆ ಯಾವ ಪೈಲವಾನ ಯಾವ ಗರಡಿಯವನು, ಅವನ ವಸ್ತಾದ ಯಾರು, ಎಡಗೈ ಪಟ್ಟು ಗಟ್ಟಿಯೋ ಬಲಗೈಯೋ, ಹೋದ ಜಾತ್ರೆಯಲ್ಲಿ ಹೆಗಲು ಉಳುಕಿತ್ತೋ ಇಲ್ಲವೋ, ಅವರಿಗೆಲ್ಲ ಗೊತ್ತು. "ಗೆಲ್ಲೋ" ಎಂದಷ್ಟೇ ಕೂಗದೆ, "ಕಾಲ ಬಿಡಿಸ್ಕೋ, ಒಳಗ ಹೋಗು" ಎನ್ನುತ್ತಾರೆ. ಬೆನ್ನಿಗೆ ಮಣ್ಣು ಹತ್ತಿದವನು ತಲೆ ತಗ್ಗಿಸಿ ಹೊರಗೆ ಬರುವಾಗ ಯಾರೋ ಒಬ್ಬರು ಎದ್ದು ಅವನ ಕೈಗೂ ನೂರರ ನೋಟು ಇಡುತ್ತಾರೆ. "ಆಡಿದಿ ತಮ್ಮಾ, ಮುಂದಿನ ವರ್ಷ ಬಾ" ಎನ್ನುತ್ತಾರೆ. ಅದು ಕನಿಕರವಲ್ಲ. ಆಟ ತಿಳಿದವರು ಸೋತವನ ಆಟಕ್ಕೆ ಕಟ್ಟುವ ಬೆಲೆ.

ಆ ಕಣದಿಂದ ಕಾಲೇಜು ಮೈದಾನಕ್ಕೆ ಬರುವಷ್ಟರಲ್ಲಿ ನಾವು ಕಳೆದುಕೊಂಡದ್ದು ಈ ತಿಳಿವಳಿಕೆಯನ್ನು. ಹತಾಶೆ ಪ್ರೀತಿಯ ಗುರುತು ಎಂದು ನಾವು ನಂಬಿಕೊಂಡಿದ್ದೇವೆ, ಸೋತಾಗ ಹೆಚ್ಚು ಕೆರಳಿದವನೇ ಹೆಚ್ಚಿನ ಅಭಿಮಾನಿ ಎಂದು. ನನಗೆ ಹಾಗನ್ನಿಸುವುದಿಲ್ಲ. ಪಂದ್ಯದ ದಿನ ಕ್ರೂಸರ್ ತುಂಬಿಕೊಂಡು ಬಂದ ಹದಿನೈದು ಮಂದಿಯಲ್ಲಿ ಅಭ್ಯಾಸ ನೋಡಲು ಒಂದು ಸಂಜೆ ಬಂದವರು ಎಷ್ಟು? ಕ್ರೂಸರಿಗೆ ಪಟ್ಟಿ ಎತ್ತಿದೆವು. ಹಳೆಯ ವಿದ್ಯಾರ್ಥಿಗಳೆಲ್ಲ ಅದೇ ರೀತಿ ಪಟ್ಟಿ ಎತ್ತಿ ನಾಲ್ಕು ವರ್ಷಕ್ಕೊಮ್ಮೆಯಾದರೂ ಮ್ಯಾಟ್ ತರಬಹುದಿತ್ತಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಮ್ಮ ಸಿಟ್ಟು ನಿಜವಾದದ್ದೇ, ಹೋಗಿ ಬಿದ್ದದ್ದು ಮಾತ್ರ ತಪ್ಪು ವಿಳಾಸಕ್ಕೆ.

ಈ ಪರಿಪಾಠದ ಪರವಾಗಿ ಒಂದು ಮಾತು ಹೇಳಲೇಬೇಕು. ಯಾರೂ ಬರದ ಮೈದಾನಕ್ಕಿಂತ ತಪ್ಪಾಗಿ ಕೂಗುವ ಹದಿನೈದು ಮಂದಿ ಇರುವ ಮೈದಾನ ಮೇಲು. ಹೆಸರು ಹಿಡಿದು ಕೂಗುವವರು ಇದ್ದಾರೆಂದೇ ಎಷ್ಟೋ ಹುಡುಗರು ಮತ್ತೊಂದು ವರ್ಷ ಆಡುತ್ತಾರೆ. ಕೂಗನ್ನು ನಿಲ್ಲಿಸಿ ಎನ್ನುವುದು ನನ್ನ ವಾದವಲ್ಲ.

ಆ ಸೋಲಿನ ನಂತರ ಒಂದು ವಾರಕ್ಕೆ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕ. ಚಹಾ ಕುಡಿಸಿ ಕೇಳಿದೆ: "ಐದ ಮಂದಿ ಇದ್ರು. ನಿನಗ ಕಾಣಲಿಲ್ಲೇನೋ?" ಅವನು ನೆಲ ನೋಡುತ್ತ ಹೇಳಿದ: "ಕಂಡಿತ್ತು ಅಣ್ಣಾ. ಐದ ಅಂತ ಎಣಿಸಿದ್ದೆ. ನೀವೆಲ್ಲಾರೂ ಕೂಡಿ ಕೂಗಿದ್ರಿ. ನಾನ ಎಣಿಸೂದ್ರಾಗ ತಪ್ಪೀನಿ ಅನಿಸ್ತು."

ಮರುವರ್ಷ ನಾವು ಮೂವರು ಅಂಕಣದ ಮೂರು ಬದಿಗೆ ನಿಂತೆವು. ಪ್ರತಿ ರೇಡಿಗೂ ಮೊದಲು ಎದುರಾಳಿಗಳ ತಲೆ ಎಣಿಸಿ ಸಂಖ್ಯೆ ಮಾತ್ರ ಕೂಗಿದೆವು: "ಏಳು!" "ಆರು ಐತಿ!" "ಐದ, ಐದ!" ಅವನು ಬೋನಸ್ಸಿನಿಂದಲೇ ನಾಲ್ಕು ಅಂಕ ತಂದ. ಆ ಪಂದ್ಯವನ್ನೂ ಸೋತೆವು, ಎರಡು ಅಂಕದಿಂದ. ಮರಳುವಾಗ ಕ್ರೂಸರಿನಲ್ಲಿ ಅವನು ಈ ಸಲ ಕಿಟಕಿಯ ಕಡೆ ತಿರುಗಿ ಕೂರಲಿಲ್ಲ. ರೊಟ್ಟಿಯ ಗಂಟು ಬಿಚ್ಚಿ ನಮಗೂ ಕೊಟ್ಟ. ಆ ಎರಡು ಅಂಕ ಎಲ್ಲಿ ಹೋದವು ಎಂದು ಊರು ಮುಟ್ಟುವವರೆಗೂ ಎಲ್ಲರೂ ಕೂಡಿ ಲೆಕ್ಕ ಹಾಕಿದೆವು.